ಕಪಾಟಿನ ಬಾಟಲಿಗೂ ಒಂದು ಅಳತೆ

(ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿ ಸುತ್ತಿನ, ಹೊಸದಾಗಿ ಪ್ರಾಯಕ್ಕೆ ಬಂದ ಯುವಜನರಿಗಾಗಿ ಸಿದ್ಧಪಡಿಸಿದ ಭಾಷಣದ ಪಠ್ಯ)



ಬೀದರ್ ಸೀಮೆಯ ಮನೆಗಳಲ್ಲಿ ಯಾರಿಗಾದರೂ ಜ್ವರ ಬಂದರೆ ಹಿರಿಯರು ಕೇಳುವ ಮೊದಲ ಪ್ರಶ್ನೆ ‘ದವಾ-ದಾರು ಆಯ್ತೇನು?’ ಎಂಬುದು. ಅದೇ ಹಿರಿಯರು ರಾತ್ರಿ ತಡವಾಗಿ ಬಂದ ಹುಡುಗನ ಬಾಯಿಯ ವಾಸನೆ ಹಿಡಿದು ‘ದಾರು ಕುಡದು ಬಂದ್ಯೇನು?’ ಎಂದು ಗದರುವುದೂ ಉಂಟು. ಒಂದೇ ಮಾತು, ಒಮ್ಮೆ ಮದ್ದು, ಇನ್ನೊಮ್ಮೆ ಮದ್ಯ. ಪಾರಸಿ ಭಾಷೆಯಲ್ಲಿ ‘ದಾರೂ’ ಎಂದರೆ ಔಷಧಿ ಎಂದೇ ಅರ್ಥ. ಔಷಧಿಯಂತೆ ತೊಟ್ಟು ಲೆಕ್ಕದಲ್ಲಿ ಸೇವಿಸಬೇಕಾದದ್ದು ಲೋಟದ ಲೆಕ್ಕಕ್ಕೆ ಏರಿದ ಮೇಲೂ ಹಳೆಯ ಹೆಸರು ಅಂಟಿಕೊಂಡೇ ಉಳಿಯಿತು.

ಈ ವ್ಯವಹಾರದ ಉಳಿದ ಮಾತುಗಳೂ ಹೀಗೆಯೇ ದೂರದಿಂದ ಬಂದವು. ‘ಆಬ್’ ಎಂದರೆ ನೀರು, ‘ಕಾರ್’ ಎಂದರೆ ಕೆಲಸ. ಎರಡೂ ಸೇರಿ ಅಬಕಾರಿ. ‘ಅರಕ್’ ಎಂದರೆ ಅರಬ್ಬಿಯಲ್ಲಿ ಬೆವರು. ಭಟ್ಟಿಯ ಆವಿ ತಣಿದು ಹನಿಗಟ್ಟುವುದನ್ನು ಕಂಡವರಿಗೆ ಆ ಹೆಸರು ಏಕೆ ಬಂತೆಂದು ಹೇಳಬೇಕಾಗಿಲ್ಲ. ಕಣ್ಣಿಗೆ ಹಚ್ಚುವ ಸುರ್ಮಾಕ್ಕೆ ಅರಬ್ಬರು ‘ಕುಹ್ಲ್’ ಎನ್ನುತ್ತಾರೆ. ಆ ನುಣುಪಾದ ಪುಡಿಯ ಹೆಸರೇ ಯೂರೋಪಿಗೆ ಹೋಗಿ, ಯಾವುದೇ ವಸ್ತುವಿನ ಸಾರ ಎಂಬ ಅರ್ಥ ಪಡೆದು, ಕೊನೆಗೆ ಆಲ್ಕೊಹಾಲ್ ಆಯಿತು.

ಹೆಸರು ಇಷ್ಟು ಹಳೆಯದಾದರೂ, ಮೊದಲ ಗ್ಲಾಸನ್ನು ಕೈಗೆತ್ತಿಕೊಳ್ಳುವ ಹುಡುಗನಿಗೆ ಈ ವಿಷಯವನ್ನು ಕೂತು ಹೇಳಿಕೊಡುವವರು ಯಾರೂ ಇಲ್ಲ. ಸೈಕಲ್ ಕಲಿಸಲು ಅಣ್ಣನಿರುತ್ತಾನೆ, ಈಜು ಕಲಿಸಲು ಕಾಕಾ ಬಾವಿಗೆ ಕರೆದೊಯ್ಯುತ್ತಾನೆ. ಕುಡಿಯುವ ವಿಷಯದಲ್ಲಿ ಮನೆಯಲ್ಲಿ ಮಾತೇ ಇಲ್ಲ, ಇದ್ದರೆ ಬೈಗುಳ. ಹೀಗಾಗಿ ಗುರುವಿನ ಪೀಠ ಏರುವವನು ತನಗೂ ಏನೂ ಗೊತ್ತಿಲ್ಲದ, ಎರಡು ವರ್ಷ ದೊಡ್ಡ ಗೆಳೆಯ. ಮದುವೆಯ ಮೆರವಣಿಗೆಯ ಹಿಂದೆಯೋ ಹೊಲದ ಬದುವಿನ ಮೇಲೋ ಪ್ಲಾಸ್ಟಿಕ್ ಲೋಟದಲ್ಲಿ ಪಾಠ ಆರಂಭವಾಗುತ್ತದೆ. ಆ ಪಾಠದಲ್ಲಿ ಬಿಟ್ಟುಹೋಗುವುದು ಒಂದೇ ಸಂಗತಿ: ಅಳತೆ. ಎಷ್ಟು, ಯಾವುದು, ಎಷ್ಟು ಹೊತ್ತಿನಲ್ಲಿ, ಎಲ್ಲಿ ಎಂಬ ಲೆಕ್ಕ. ಕುಡಿಯಿರಿ ಎಂದು ಹೇಳುವುದು ಈ ಭಾಷಣದ ಕೆಲಸವಲ್ಲ. ಕುಡಿಯಬೇಡಿ ಎಂದು ಉಪದೇಶಿಸುವವರ ಕೊರತೆ ಈ ನಾಡಿಗೆ ಇಲ್ಲ. ಲೆಕ್ಕ ಗೊತ್ತಿದ್ದವನು ಎರಡರಲ್ಲಿ ಒಂದನ್ನು ತಾನೇ ಆರಿಸಿಕೊಳ್ಳಬಲ್ಲ.

ಅಳತೆಯ ಮಾತು ಈ ಪ್ರದೇಶಕ್ಕೆ ಹೊಸದೂ ಅಲ್ಲ. ಪಕ್ಕದ ತಾಲ್ಲೂಕಿನ ಬಸವಕಲ್ಯಾಣ ಆಗ ಕಲ್ಯಾಣ ಚಾಲುಕ್ಯರ ರಾಜಧಾನಿ. ಅಲ್ಲಿ ಆಳಿದ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ ರಚಿಸಿದ. ರಾಜನಾದವನು ಹೇಗೆ ಉಣ್ಣಬೇಕು, ಉಡಬೇಕು, ಆಡಬೇಕು, ಆನೆ ಪಳಗಿಸಬೇಕು ಎಂಬುದನ್ನೆಲ್ಲ ವಿವರಿಸುವ ವಿಶ್ವಕೋಶ ಅದು. ಅದರ ಕ್ರೀಡೆಗಳ ಭಾಗದಲ್ಲಿ ಮದಿರಾಪಾನಕ್ಕೂ ಜಾಗವಿದೆ. ದ್ರಾಕ್ಷಿಯದು, ಕಬ್ಬಿನದು, ತಾಳೆಯದು ಎಂದು ಮದ್ಯದ ಬಗೆಗಳನ್ನು ಗುರುತಿಸುವ ಅರಸ, ನೀರು ಕುಡಿಯುವುದಕ್ಕೂ ಬೇರೆಯೇ ಅಧ್ಯಾಯ ಇಟ್ಟಿದ್ದಾನೆ. ಯಾವ ಋತುವಿನಲ್ಲಿ ಯಾವ ನೀರು ಒಳ್ಳೆಯದು, ಅದನ್ನು ಶುದ್ಧಗೊಳಿಸಿ ಸುವಾಸನೆ ಕೊಡುವುದು ಹೇಗೆ ಎಂಬುದೂ ಅವನಿಗೆ ಬರೆಯಲು ಯೋಗ್ಯವೆನಿಸಿದ ವಿಷಯ. ಒಂಬತ್ತು ಶತಮಾನಗಳ ಹಿಂದೆ ಈ ಜಿಲ್ಲೆಯ ನೆಲದಲ್ಲಿ ಪಾನವೆಂಬುದು ತಿಳಿದು ಮಾಡಬೇಕಾದ ಕೆಲಸವಾಗಿತ್ತು, ಅರಮನೆಯೊಳಗಂತೂ.

ಅರಮನೆಯ ಹೊರಗೆ ಬೇರೆ ಲೋಕವಿತ್ತು. ಅದೇ ಶತಮಾನದ ಶರಣರ ಪೈಕಿ ಹೆಂಡದ ಮಾರಯ್ಯ ಎಂಬ ವಚನಕಾರನಿದ್ದಾನೆ. ಹೆಸರೇ ಹೇಳುವಂತೆ ಅವನ ಕಾಯಕ ಹೆಂಡ ಮಾರುವುದು. ‘ಧರ್ಮೇಶ್ವರಲಿಂಗ’ ಅವನ ಅಂಕಿತ. ಕಸುಬಿನ ಮಾತುಗಳನ್ನೇ ಬಳಸಿ ಅಹಂಕಾರದ ಅಮಲಿನ ಬಗ್ಗೆ ಬರೆದ ಈ ಶರಣನನ್ನು ಪಠ್ಯಪುಸ್ತಕಗಳು ಅಷ್ಟಾಗಿ ನೆನೆಯುವುದಿಲ್ಲ.

ಅಳತೆ ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ಬೀದರ್ ಕೋಟೆಯ ಚರಿತ್ರೆಯಲ್ಲಿರುವಂಥ ಉದಾಹರಣೆ ಬೇರೆ ಕಡೆ ಸಿಗುವುದು ಕಷ್ಟ. 1472ರಲ್ಲಿ ಬೀದರಿನಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಬಹಮನಿ ರಾಜ್ಯದ ಪ್ರಧಾನಿ. ಅವನ ಏಳಿಗೆ ಸಹಿಸದ ಸರದಾರರು ಹೂಡಿದ ಸಂಚನ್ನು ಇತಿಹಾಸಕಾರ ಫೆರಿಷ್ತಾ ಬರೆದಿಟ್ಟಿದ್ದಾನೆ. ಗವಾನನ ಮುದ್ರೆಯನ್ನು ಕಾಯುವ ಸೇವಕನಿಗೆ ಕುಡಿಸಿದರು. ಅಮಲೇರಿದ ಮೇಲೆ ಖಾಲಿ ಕಾಗದವೊಂದರ ಮೇಲೆ ಮುದ್ರೆ ಒತ್ತಿಸಿಕೊಂಡರು. ಆ ಕಾಗದದಲ್ಲಿ ಒರಿಸ್ಸಾದ ಅರಸನಿಗೆ ದ್ರೋಹದ ಪತ್ರ ಬರೆದು, ಅದನ್ನು ಸುಲ್ತಾನ ಮೂರನೆಯ ಮುಹಮ್ಮದನ ಮುಂದೆ ಹಿಡಿದರು. ಹಿಡಿಯುವ ಹೊತ್ತನ್ನೂ ಆರಿಸಿಕೊಂಡಿದ್ದರು; ಸುಲ್ತಾನನೂ ಕುಡಿದಿದ್ದ. ವಿಚಾರಣೆ ಎಂಬುದೇ ನಡೆಯಲಿಲ್ಲ. 1481ರ ಏಪ್ರಿಲಿನಲ್ಲಿ ಎಪ್ಪತ್ತು ದಾಟಿದ ಗವಾನನ ತಲೆ ಉರುಳಿತು. ನಿಜ ತಿಳಿದ ಸುಲ್ತಾನ ಪಶ್ಚಾತ್ತಾಪ ಪಡುತ್ತ, ಇನ್ನಷ್ಟು ಕುಡಿಯುತ್ತ, ಮರುವರ್ಷವೇ ತೀರಿಕೊಂಡ. ಅವನಿಗಿನ್ನೂ ಮೂವತ್ತು ತುಂಬಿರಲಿಲ್ಲ. ರಾಜ್ಯ ಒಡೆದು ಐದು ಹೋಳಾಗಲು ಬೇರೆ ಕಾರಣಗಳೂ ಇದ್ದವು. ಆದರೂ ಒಂದು ಸಹಿಯ ಕಾಗದ, ಎರಡು ಅಮಲಿನ ತಲೆಗಳು ಎಂಬ ಈ ಕಥೆ, ಖಾಲಿ ಬಾಂಡಿಗೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡವರ ಸುದ್ದಿ ಕೇಳಿ ಬೆಳೆದವರಿಗೆ ತೀರ ಅಪರಿಚಿತವೇನಲ್ಲ.

ಮುಂದೆ ನಿಜಾಮರ ಕಾಲ. ಆಗಿನ ಹೈದರಾಬಾದ್ ಸಂಸ್ಥಾನದಲ್ಲಿ ಬಡವನ ಪಾನ ಎರಡು. ಒಂದು ಸೇಂದಿ. ಮರಾಠಿಯಲ್ಲಿ ‘ಶಿಂದಿ’ ಎಂದರೆ ಈಚಲು ಮರ. ಮರದ ಹೆಸರೇ ಅದರ ರಸಕ್ಕೂ ಬಂತು. ಬೆಳಗಿನ ಜಾವ ಇಳಿಸಿದಾಗ ಸಿಹಿಯಾದ ನೀರಾ. ಬಿಸಿಲೇರಿದಂತೆ ಹುಳಿಯಾಗುತ್ತ ಬೀರಿನಷ್ಟು ಅಮಲು ಪಡೆದು, ಮರುದಿನಕ್ಕೆ ಬಾಯಿಗೆ ಹಾಕಲಾರದಂತಾಗುವ ವಸ್ತು ಅದು. ಕೂಡಿಡಲು ಆಗದು ಎಂಬುದೇ ಅದರ ಅಳತೆಯಾಗಿತ್ತು. ಇನ್ನೊಂದು, ಮೊಹ್ವಾ ಅಂದರೆ ಇಪ್ಪೆ ಹೂವಿನಿಂದ ಭಟ್ಟಿ ಇಳಿಸಿದ ಸಾರಾಯಿ. ಇವೆರಡರ ಮೇಲಿನ ಅಬಕಾರಿ ಹಣ ಸಂಸ್ಥಾನದ ಬೊಕ್ಕಸದ ದೊಡ್ಡ ಆದಾಯಗಳಲ್ಲಿ ಒಂದು. ಮರ ಎಣಿಸಿ, ಗುತ್ತಿಗೆ ಹರಾಜು ಹಾಕಿ, ಗುತ್ತೇದಾರರನ್ನು ಬೆಳೆಸಿದ ಆ ವ್ಯವಸ್ಥೆ ನಿಜಾಮರ ಆಳ್ವಿಕೆ 1948ರಲ್ಲಿ ಮುಗಿದ ಮೇಲೂ ಬಹಳ ದಿನ ಉಸಿರಾಡಿತು.

1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತ ರಚನೆಯಾದಾಗ ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಯಿತು. ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಮೈಸೂರಿಗೆ. ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ, ನಂತರ ಮಹಾರಾಷ್ಟ್ರಕ್ಕೆ. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ, ಈಗ ತೆಲಂಗಾಣಕ್ಕೆ. ಸೋದರಮಾವ ಒಂದು ರಾಜ್ಯ, ಅಳಿಯ ಇನ್ನೊಂದು ರಾಜ್ಯ. ಕುಡಿಯುವ ಕಾಯಿದೆಯೂ ಹಾಗೆಯೇ ಬೇರೆಯಾಯಿತು.

ಒಬ್ಬನೇ ಹುಡುಗನನ್ನು ಈ ಮೂರೂ ಕಡೆ ನಿಲ್ಲಿಸಿ ನೋಡಿದರೆ ವಿಚಿತ್ರ ಕಾಣುತ್ತದೆ. ತೆಲಂಗಾಣದಲ್ಲಿ ಅವನಿಗೆ 21 ತುಂಬಿರಬೇಕು. ಕಮಲನಗರ ದಾಟಿ ಮಹಾರಾಷ್ಟ್ರಕ್ಕೆ ಕಾಲಿಟ್ಟರೆ ಬೀರಿಗೆ 21, ವಿಸ್ಕಿ, ರಮ್ಮಿಗೆ 25. ಜೊತೆಗೆ 1949ರ ಪಾನನಿರೋಧ ಕಾಯಿದೆಯ ಪ್ರಕಾರ ಕುಡಿಯುವವನ ಬಳಿ ಪರವಾನಗಿ ಚೀಟಿಯೂ ಇರಬೇಕು. ಚೀಟಿ ತೋರಿಸಿ ಕುಡಿದವರನ್ನು ಕಂಡವರು ವಿರಳ, ಆದರೆ ಕಾಯಿದೆ ಇದೆ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯಿದೆ 18ರ ಒಳಗಿನವರಿಗೆ ಮಾರಬಾರದು ಎನ್ನುತ್ತದೆ. 1967ರ ಸನ್ನದು ನಿಯಮಗಳು 21 ಎನ್ನುತ್ತವೆ. ಅಂಗಡಿಯವನು ಸನ್ನದಿನ ಷರತ್ತಿಗೆ ಬದ್ಧ, ಆದ್ದರಿಂದ ವ್ಯವಹಾರದಲ್ಲಿ 21. ಈ ಗೊಂದಲ ತೆಗೆಯಲೆಂದು 2023ರ ಜನವರಿಯಲ್ಲಿ ಸರ್ಕಾರ ನಿಯಮವನ್ನೂ 18ಕ್ಕೆ ಇಳಿಸುವ ಕರಡು ಹೊರಡಿಸಿತ್ತು. ವಿರೋಧ ಎದ್ದ ಕೂಡಲೇ, ಅದೇ ತಿಂಗಳಲ್ಲೇ ಹಿಂದಕ್ಕೆ ಪಡೆಯಿತು. 18ಕ್ಕೆ ಮತ ಹಾಕಬಹುದು, 21ರವರೆಗೆ ಬಾಟಲಿ ಕೊಳ್ಳುವಂತಿಲ್ಲ. ಇದರಲ್ಲಿ ಅರ್ಥವಿಲ್ಲದಿಲ್ಲ: ಮಿದುಳು ಬೆಳೆದು ಮುಗಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ, ಕುಡಿತಕ್ಕೆ ಬೇಗ ಬಿದ್ದವನು ಅದಕ್ಕೆ ಅಂಟಿಕೊಳ್ಳುವ ಸಂಭವವೂ ಹೆಚ್ಚು ಎನ್ನುವುದು ವೈದ್ಯರ ಮಾತು.

ಈಗಿನ ‘ನೈಂಟಿ’ಯ ಕಥೆಗೆ ಬರೋಣ. ಕರ್ನಾಟಕದಲ್ಲಿ ಸಾರಾಯಿ ಮಾರಾಟ 2007ರ ಜುಲೈ 1ರಿಂದ ನಿಂತಿತು. ಅದಕ್ಕೂ ಮುಂಚೆ ಕೂಲಿಕಾರನ ಪಾನವೆಂದರೆ ಪ್ಲಾಸ್ಟಿಕ್ ಪ್ಯಾಕೆಟ್ಟಿನ ಸಾರಾಯಿ: ಹಲ್ಲಿನಿಂದ ಮೂಲೆ ಕಚ್ಚಿ, ನೀರಿಲ್ಲದೆ, ಒಂದೇ ಗುಟುಕಿಗೆ. ಪ್ಯಾಕೆಟ್ ಹೋಯಿತು, ಗುಟುಕು ಉಳಿಯಿತು. ಅದರ ಜಾಗಕ್ಕೆ 90 ಮಿಲಿಲೀಟರಿನ ಅಗ್ಗದ ವಿಸ್ಕಿ ಪೊಟ್ಟಣ ಬಂತು. ಹೆಸರು ವೈನ್ ಶಾಪ್ ಎಂದಿದ್ದರೂ ಅಲ್ಲಿ ವೈನ್ ಕೇಳುವವರು ಅಪರೂಪ. ಆ ಅಂಗಡಿಯ ಸಿ.ಎಲ್.-2 ಸನ್ನದಿನ ಪ್ರಕಾರ ಅಲ್ಲಿ ಕೊಂಡು ಹೋಗಬಹುದು, ನಿಂತು ಕುಡಿಯುವಂತಿಲ್ಲ. ಕುಳಿತು ಕುಡಿಯುವುದು ಸಿ.ಎಲ್.-9 ಬಾರಿನಲ್ಲಿ. ಆದರೆ ಬಾರಿನಲ್ಲಿ ದುಬಾರಿ, ಮನೆಯಲ್ಲಿ ನಾಚಿಕೆ. ಆದ್ದರಿಂದ ಅಂಗಡಿಯ ಗೋಡೆ ಬದಿಯಲ್ಲಿ ಎರಡು ನಿಮಿಷದಲ್ಲಿ ಮುಗಿಸಿ, ಬಾಯಿಗೆ ಗುಟ್ಕಾ ಹಾಕಿ, ಬೈಕ್ ಹತ್ತುವುದು ರೂಢಿಯಾಯಿತು. ಹೊಸಬ ಹುಡುಗ ಕಲಿಯುವುದು ಇದನ್ನೇ. ಇದಕ್ಕಿಂತ ಕೆಟ್ಟ ವಿಧಾನವನ್ನು ಯಾರಾದರೂ ಕೂತು ಯೋಚಿಸಿ ಕಂಡುಹಿಡಿಯಬೇಕೆಂದರೂ ಕಷ್ಟ.

ಹಳ್ಳಿಗಳ ಕಿರಾಣಿ ಅಂಗಡಿಗಳಲ್ಲಿ ಸನ್ನದಿಲ್ಲದೆ ಮಾರುವ ಪೊಟ್ಟಣಗಳ ಕಥೆ ಇನ್ನೂ ಬೇರೆ. ಅದರ ವಿರುದ್ಧವೇ ಕಲ್ಯಾಣ ಕರ್ನಾಟಕದ ಹೆಣ್ಣುಮಕ್ಕಳು ಮದ್ಯ ನಿಷೇಧ ಆಂದೋಲನ ಕಟ್ಟಿ, 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸುಮಾರು 200 ಕಿಲೋಮೀಟರ್ ನಡೆದುಹೋದರು. 2023-24ರಲ್ಲಿ ರಾಜ್ಯದ ಬೊಕ್ಕಸಕ್ಕೆ ಅಬಕಾರಿಯಿಂದ ಬಂದದ್ದು 34,000 ಕೋಟಿ ರೂಪಾಯಿಗೂ ಮಿಕ್ಕು. ನಡೆದವರ ಮಾತಿಗೂ ಈ ಅಂಕಿಗೂ ನಡುವೆ ಯಾವ ಸರ್ಕಾರವೂ ನೆಮ್ಮದಿಯಾಗಿ ಕುಳಿತಿಲ್ಲ.

ಹಾಗಾದರೆ ಆ ಪೊಟ್ಟಣದಲ್ಲಿ ಇರುವುದೇನು? ವಿಸ್ಕಿ ಎಂದರೆ ಬಾರ್ಲಿಯಂಥ ಧಾನ್ಯದಿಂದ ಮಾಡಿ, ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟದ್ದು ಎಂಬುದು ಸ್ಕಾಟ್ಲೆಂಡಿನ ಲೆಕ್ಕ. ಭಾರತದ ಅಗ್ಗದ ವಿಸ್ಕಿಯ ಮೂಲ ಬಹುಪಾಲು ಸಕ್ಕರೆ ಕಾರ್ಖಾನೆಯ ಕಾಕಂಬಿ, ಇಲ್ಲವೆ ಅಕ್ಕಿ, ಜೋಳದಂಥ ಧಾನ್ಯ. ಅದನ್ನು ಹುದುಗಿಸಿ, ಭಟ್ಟಿ ಇಳಿಸಿ, ರುಚಿಯಿಲ್ಲದ ಶುದ್ಧ ಸ್ಪಿರಿಟ್ ಮಾಡಿ, ನೀರು, ಬಣ್ಣ, ಸುವಾಸನೆ ಬೆರೆಸುತ್ತಾರೆ. ಕಾಕಂಬಿಯಿಂದ ಮಾಡಿದ್ದನ್ನು ಯೂರೋಪಿನಲ್ಲಿ ವಿಸ್ಕಿ ಎಂದು ಕರೆದು ಮಾರುವಂತಿಲ್ಲ. ಭಾಲ್ಕಿಯ ಹೊಲದ ಕಬ್ಬು ಹುಂಜಿಯ ಕಾರ್ಖಾನೆಗೆ ಹೋಗುವುದನ್ನು ದಿನವೂ ನೋಡುವವರು, ಕಬ್ಬಿನ ಕೊನೆಯ ಕೂಸು ಎಲ್ಲಿಗೆ ಹೋಗಿ ಯಾವ ವೇಷದಲ್ಲಿ ಅಂಗಡಿಯ ಕಪಾಟಿಗೆ ಬರುತ್ತದೆಂದು ಊಹಿಸಬಹುದು.

ಬಾಟಲಿಯ ಚೀಟಿಯ ಮೇಲೆ 42.8 ಶೇಕಡ ಎಂದು ಅಚ್ಚಾಗಿರುತ್ತದೆ. ಇದೇನು ವಿಚಿತ್ರ ಸಂಖ್ಯೆ ಎಂದು ಕೇಳುವವರು ಕಡಿಮೆ. ಹಿಂದೆ ಬ್ರಿಟಿಷರು ಮದ್ಯವನ್ನು ಕೋವಿಮದ್ದಿನ ಮೇಲೆ ಸುರಿದು ಕಡ್ಡಿ ಗೀರುತ್ತಿದ್ದರಂತೆ. ಹೊತ್ತಿಕೊಂಡರೆ ‘ಪ್ರೂಫ್’, ಅಂದರೆ ಸಾಬೀತು. ಆ ಮಟ್ಟವನ್ನು ಆಮೇಲೆ 57.1 ಶೇಕಡ ಎಂದು ಗೊತ್ತುಮಾಡಿದರು. ಅದರ ಮುಕ್ಕಾಲು ಭಾಗವೇ 42.8. ದೊರೆಗಳು ಹೋದರೂ ಅವರ ಕೋವಿಮದ್ದಿನ ಲೆಕ್ಕ ಚಿಂಚೋಳಿಯ ಬಾಟಲಿಯ ಮೇಲೆ ಕೂತಿದೆ.

ಈಗ ಹೊಸಬರು ನೆನಪಿಡಬೇಕಾದ ಲೆಕ್ಕ. ಒಂದು ನೈಂಟಿಯಲ್ಲಿ 38.5 ಮಿಲಿಲೀಟರ್, ತೂಕದಲ್ಲಿ ಸುಮಾರು 30 ಗ್ರಾಂ ಅಪ್ಪಟ ಆಲ್ಕೊಹಾಲ್ ಇದೆ. 60 ಮಿಲಿಲೀಟರಿನ ‘ಲಾರ್ಜ್’ನಲ್ಲಿ 20 ಗ್ರಾಂ. ‘ಬೀರು ತಾನೇ, ಏನೂ ಆಗಲ್ಲ ಬಿಡಪ್ಪಾ’ ಎನ್ನುವ ಗೆಳೆಯ ಎಲ್ಲ ಊರಲ್ಲೂ ಇದ್ದಾನೆ. 8 ಶೇಕಡದ ಸ್ಟ್ರಾಂಗ್ ಬೀರಿನ 650 ಮಿಲಿಲೀಟರ್ ಬಾಟಲಿಯಲ್ಲಿ 52 ಮಿಲಿಲೀಟರ್, ಅಂದರೆ 41 ಗ್ರಾಂ. ಎರಡು ಲಾರ್ಜ್ ವಿಸ್ಕಿಗೆ ಸಮ, ನೈಂಟಿಗಿಂತ ಹೆಚ್ಚು! 5 ಶೇಕಡದ ಬೀರಾದರೂ ಒಂದು ಬಾಟಲಿಗೆ 25 ಗ್ರಾಂ ದಾಟುತ್ತದೆ. ಬಾಟಲಿಯ ಬಣ್ಣ, ಬ್ರ್ಯಾಂಡಿನ ಹೆಸರು, ಅಂಗಡಿಯವನ ಶಿಫಾರಸು ಎಲ್ಲ ಬಿಟ್ಟು ಮೊದಲು ಓದಬೇಕಾದದ್ದು ಈ ಶೇಕಡಾವಾರು.

ಇದನ್ನು ಕರಗಿಸುವ ಯಂತ್ರ ಪಿತ್ತಜನಕಾಂಗ. ಅದು ಗಂಟೆಗೆ ಸುಮಾರು 7-8 ಗ್ರಾಂ ಕರಗಿಸಬಲ್ಲದು. ಅವಸರ ಮಾಡಿದರೆ ಕೇಳುವುದಿಲ್ಲ. ಒಂದು ನೈಂಟಿಗೆ ನಾಲ್ಕು ಗಂಟೆ, ಕ್ವಾರ್ಟರಿಗೆ ಏಳೆಂಟು ಗಂಟೆ. ರಾತ್ರಿ ಹನ್ನೊಂದಕ್ಕೆ ಕ್ವಾರ್ಟರ್ ಮುಗಿಸಿದವನು ಬೆಳಿಗ್ಗೆ ಆರಕ್ಕೆ ಭಾಲ್ಕಿಯ ಹಾದಿ ಹಿಡಿದರೆ ಅವನ ರಕ್ತದಲ್ಲಿ ಅದು ಇನ್ನೂ ಇರುತ್ತದೆ. ನಿಂಬೆರಸ, ಮಜ್ಜಿಗೆ, ಕಾಫಿ, ತಣ್ಣೀರ ಸ್ನಾನ ಇವೆಲ್ಲ ಎಚ್ಚರದ ಭ್ರಮೆ ಕೊಡುತ್ತವೆಯೇ ಹೊರತು ಒಂದು ಗ್ರಾಂ ಕೂಡ ಕಡಿಮೆ ಮಾಡುವುದಿಲ್ಲ. ವಾಹನ ಓಡಿಸುವವರ ರಕ್ತದಲ್ಲಿ 100 ಮಿಲಿಲೀಟರಿಗೆ 30 ಮಿಲಿಗ್ರಾಂ ಮೀರಬಾರದು ಎಂಬುದು ಕಾಯಿದೆ. ಅರವತ್ತು ಕಿಲೋ ತೂಕದ ಹುಡುಗ ಖಾಲಿ ಹೊಟ್ಟೆಯಲ್ಲಿ ಒಂದೇ ಲಾರ್ಜ್ ಹಾಕಿದರೂ ಆ ಗೆರೆ ದಾಟಬಹುದು. 2019ರ ತಿದ್ದುಪಡಿಯ ನಂತರ ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಕುಡಿದ ರಾತ್ರಿ ಬೈಕಿನ ಕೀಲಿ ಕೈಯಲ್ಲಿರಬಾರದು. ಇದರಲ್ಲಿ ರಿಯಾಯಿತಿ ಇಲ್ಲ.

ಹೆಣ್ಣುಮಕ್ಕಳಿಗೆ ಅದೇ ತೂಕದಲ್ಲೂ ಅಮಲು ಬೇಗ ಏರುತ್ತದೆ, ಏಕೆಂದರೆ ಅವರ ದೇಹದಲ್ಲಿ ನೀರಿನ ಪಾಲು ಕಡಿಮೆ. ಗರ್ಭಿಣಿಯರಿಗೆ ಯಾವ ಅಳತೆಯೂ ಇಲ್ಲ, ಸೊನ್ನೆಯೇ ಅಳತೆ. ನಿದ್ರೆ ಮಾತ್ರೆ, ಮಧುಮೇಹದ ಮದ್ದು, ಕೆಲವು ಆ್ಯಂಟಿಬಯೋಟಿಕ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ದವಾ, ದಾರು ಎರಡನ್ನೂ ಒಟ್ಟಿಗೆ ಹೇಳಬಹುದು, ಒಟ್ಟಿಗೆ ಸೇವಿಸುವಂತಿಲ್ಲ.

ಹೊಸಬರು ಮಾಡುವ ದೊಡ್ಡ ತಪ್ಪು ‘ಇನ್ನೂ ಏರಲಿಲ್ಲ’ ಎಂದು ಎರಡನೆಯದಕ್ಕೆ ಕೈ ಹಾಕುವುದು. ಕುಡಿದದ್ದು ಪೂರ್ತಿ ತಲೆಗೇರಲು ಅರ್ಧದಿಂದ ಒಂದು ಗಂಟೆ ಬೇಕು. ಅಷ್ಟರಲ್ಲಿ ಎರಡು, ಮೂರು ಹೊಟ್ಟೆಗೆ ಇಳಿದಿದ್ದರೆ ಎಲ್ಲವೂ ಒಟ್ಟಿಗೆ ಬಾಗಿಲು ಬಡಿಯುತ್ತವೆ. ಮೊದಲು ಊಟ, ಜೋಳದ ರೊಟ್ಟಿ, ಪುಂಡಿಪಲ್ಯ, ಬೇಳೆ ಹೊಟ್ಟೆಯಲ್ಲಿದ್ದರೆ ಅಮಲು ನಿಧಾನ. ಹೈದರಾಬಾದಿನಿಂದ ಈ ಕಡೆಗೆಲ್ಲ ಹರಡಿದ ಚಕ್ನಾ ಪದ್ಧತಿ ಕೆಟ್ಟದ್ದೇನಲ್ಲ, ಆದರೆ ಉಪ್ಪು-ಖಾರದ ಮಿಕ್ಸ್ಚರ್ ಬಾಯಾರಿಕೆ ಹೆಚ್ಚಿಸಿ ಇನ್ನಷ್ಟು ಕುಡಿಸುತ್ತದೆ. ಬೇಯಿಸಿದ ಶೇಂಗಾ, ಸೌತೆಕಾಯಿ, ಮೊಟ್ಟೆ ವಾಸಿ. ಒಂದು ಗ್ಲಾಸ್ ಮದ್ಯಕ್ಕೆ ಒಂದು ಗ್ಲಾಸ್ ಬರೀ ನೀರು. ಮೊದಲ ಸಲವಾದರೆ 30 ಮಿಲಿಲೀಟರಿನ ಒಂದು ಸ್ಮಾಲ್, ನೀರು ಬೆರೆಸಿ, ಒಂದು ಗಂಟೆಯ ಹೊತ್ತು. ಅದರ ಮೇಲೆ ಆ ದಿನ ಏನೂ ಬೇಡ.

ಇನ್ನು ಮನೆಯಲ್ಲಿ ಇಡುವ ಮಾತು. ಈಗ ಬೆಂಗಳೂರು, ಪುಣೆ, ಹೈದರಾಬಾದಿಗೆ ದುಡಿಯಲು ಹೋದ ಹುಡುಗರು ಬಾಡಿಗೆ ಮನೆಯ ಕಪಾಟಿನಲ್ಲಿ ನಾಲ್ಕಾರು ಬಾಟಲಿ ಜೋಡಿಸಿ ‘ಹೋಂ ಬಾರ್’ ಎನ್ನುತ್ತಾರೆ. ಅದಕ್ಕೂ ಕಾಯಿದೆಯ ಅಳತೆ ಇದೆ ಎಂದು ಬಹಳ ಜನರಿಗೆ ತಿಳಿದಿಲ್ಲ. ಕರ್ನಾಟಕದಲ್ಲಿ ಸನ್ನದಿಲ್ಲದ ವ್ಯಕ್ತಿಯೊಬ್ಬ ಭಾರತೀಯ ಮದ್ಯ 2.3 ಲೀಟರ್, ಬೀರು 18.2 ಲೀಟರ್, ಹೊರದೇಶದಿಂದ ಆಮದಾದ ಮದ್ಯ 9.1 ಲೀಟರ್ ಮೀರಿ ಇಟ್ಟುಕೊಳ್ಳುವಂತಿಲ್ಲ. ಇವು ಕೂಡ ಗ್ಯಾಲನ್ನಿನ ಸಂತಾನ: ಅರ್ಧ ಗ್ಯಾಲನ್, ನಾಲ್ಕು ಗ್ಯಾಲನ್, ಎರಡು ಗ್ಯಾಲನ್ನುಗಳನ್ನು ಲೀಟರಿಗೆ ತಿರುಗಿಸಿದರೆ ಇದೇ ಅಂಕಿಗಳು ಬರುತ್ತವೆ. ಸ್ವದೇಶಿಗಿಂತ ವಿದೇಶಿಗೆ ನಾಲ್ಕು ಪಟ್ಟು ಔದಾರ್ಯ ಏಕೆ ಎಂಬುದನ್ನು ಅಂಕಿಗಳು ಹೇಳುವುದಿಲ್ಲ. ಲೆಕ್ಕಕ್ಕೆ 750 ಮಿಲಿಲೀಟರಿನ ಮೂರು ಬಾಟಲಿ, ನಾಲ್ಕನೆಯದು ಅಪರಾಧ. ಹೊಸಬನಿಗೆ ಮೂರೂ ಬೇಡ, ಒಂದು ಸಾಕು. ಮನೆಯಲ್ಲಿ ಭಟ್ಟಿ ಇಳಿಸುವುದಂತೂ ಶುದ್ಧ ಅಪರಾಧ.

ಗಡಿ ಊರುಗಳಲ್ಲಿ ಇನ್ನೊಂದು ಆಸೆ ಇರುತ್ತದೆ. ಆಚೆ ರಾಜ್ಯದಲ್ಲಿ ಅಗ್ಗ ಎಂದು ಬಾಟಲಿ ಹೊತ್ತು ತರುವುದು. ಪರವಾನಗಿ ಇಲ್ಲದೆ ಗಡಿ ದಾಟಿಸಿದ ಬಾಟಲಿ ಅಬಕಾರಿ ಪ್ರಕರಣವಾಗುತ್ತದೆ. ಬೀದರಿನಲ್ಲಿ ವಾಯುಸೇನೆಯ ನೆಲೆ ಇರುವುದರಿಂದ ‘ಮಿಲಿಟರಿ ಮಾಲು’ ಎಂಬ ಮಾತಿಗೂ ಇಲ್ಲಿ ಗೌರವವಿದೆ. ಆ ಕ್ಯಾಂಟೀನಿನ ಬಾಟಲಿ ಸೈನಿಕರಿಗೂ ನಿವೃತ್ತರಿಗೂ ಮೀಸಲು, ಮಾರುವ ವಸ್ತುವಲ್ಲ. ಆ ಹೆಸರಿನಲ್ಲಿ ಕಳ್ಳದಾರಿಯಲ್ಲಿ ಬರುವ ಬಾಟಲಿಯೊಳಗೆ ಏನಿದೆಯೋ ದೇವರೇ ಬಲ್ಲ.

‘ದೇವರೇ ಬಲ್ಲ’ ಎನ್ನುವುದು ತಮಾಷೆಯ ಮಾತಲ್ಲ. ಕುಡಿಯುವ ಆಲ್ಕೊಹಾಲ್ ಎಥನಾಲ್. ಕಾರ್ಖಾನೆಗಳಲ್ಲಿ ಬಳಸುವ ಮೆಥನಾಲ್ ನೋಟ, ವಾಸನೆಗಳಲ್ಲಿ ಅದರ ಅವಳಿ. ಕೆಲವೇ ಚಮಚೆ ಮೆಥನಾಲ್ ಕಣ್ಣು ತೆಗೆಯುತ್ತದೆ, ಇನ್ನಷ್ಟು ಜೀವ ತೆಗೆಯುತ್ತದೆ. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಇನ್ನು ಸೇಂದಿ. ಕರಾವಳಿಯ ಎರಡು ಜಿಲ್ಲೆ ಬಿಟ್ಟು ಕರ್ನಾಟಕದಲ್ಲಿ ಅದರ ಮಾರಾಟ ನಿಂತು ಎರಡು ದಶಕ ಕಳೆಯಿತು. ಗಡಿಯಾಚೆಯಿಂದ ಕದ್ದು ಬರುವ ಸೇಂದಿಯ ಬಹುಪಾಲು ಮರ ಕಂಡದ್ದೇ ಅಲ್ಲ. ಕ್ಲೋರಲ್ ಹೈಡ್ರೇಟ್, ಅಂದರೆ ಜನರ ಬಾಯಲ್ಲಿ ‘ಸಿ.ಎಚ್. ಪೌಡರ್’, ಇಲ್ಲವೆ ನಿದ್ರೆ ಮಾತ್ರೆಯ ಪುಡಿ ಕಲಸಿದ ನೀರು. ಅದಕ್ಕೆ ಅಂಟಿಕೊಂಡವರು ಒಂದು ದಿನ ಸಿಗದಿದ್ದರೆ ನಡುಗಿ, ಬಡಬಡಿಸಿ ಆಸ್ಪತ್ರೆ ಸೇರುತ್ತಾರೆ. ಅಜ್ಜ ಕುಡಿದ ಸೇಂದಿ ಬೇರೆ, ಇದು ಬೇರೆ. ಸನ್ನದಿರುವ ಅಂಗಡಿ, ಮುಚ್ಚಳದ ಮೇಲೆ ಹರಿಯದ ಅಬಕಾರಿ ಚೀಟಿ, ಒಡೆಯದ ಬಿರಡೆ: ಇವಿಲ್ಲದ ಬಾಟಲಿಯನ್ನು ಎಷ್ಟೇ ಅಗ್ಗವಾದರೂ ಮುಟ್ಟಬಾರದು.

ಕಪಾಟಿನ ವಿಷಯಕ್ಕೆ ಮರಳಿದರೆ, ಬೇಕಾಗುವ ಸಾಮಾನು ಅಂಗಡಿಯವರು ಹೇಳುವಷ್ಟು ಇಲ್ಲ. 30 ಮತ್ತು 60 ಮಿಲಿಲೀಟರಿನ ಗುರುತಿರುವ ಒಂದು ಉಕ್ಕಿನ ಪೆಗ್ ಅಳತೆ, ಎರಡು ಗಾಜಿನ ಗ್ಲಾಸು, ಕುದಿಸಿ ಆರಿಸಿದ ನೀರು, ನಿಂಬೆಹಣ್ಣು. ಇವುಗಳಲ್ಲಿ ಅಳತೆಯದೇ ಪ್ರಾಣ. ಕಣ್ಣಂದಾಜಿನಲ್ಲಿ ಸುರಿದ ‘ಸ್ಮಾಲ್’ ಬಹುತೇಕ ಲಾರ್ಜೇ ಆಗಿರುತ್ತದೆ, ಆತಿಥೇಯ ಉದಾರಿಯಾದರೆ ಹೇಳುವುದೇ ಬೇಡ. ವಿಸ್ಕಿ, ರಮ್, ಬ್ರಾಂದಿ ಬಾಟಲಿಗಳನ್ನು ನಿಲ್ಲಿಸಿಯೇ ಇಡಬೇಕು. ಮಲಗಿಸಿದರೆ ಕಡುಮದ್ಯ ಬಿರಡೆಯನ್ನು ತಿನ್ನುತ್ತದೆ. ತೆರೆದ ಮೇಲೂ ಅವು ತಿಂಗಳುಗಟ್ಟಲೆ ಕೆಡುವುದಿಲ್ಲ, ಆದ್ದರಿಂದ ‘ಉಳಿದರೆ ಹಾಳಾಗುತ್ತೆ, ಮುಗಿಸಿಬಿಡು’ ಎನ್ನುವ ಮಾತಿಗೆ ಆಧಾರವಿಲ್ಲ. ವೈನ್ ತೆರೆದರೆ ಮೂರ್ನಾಲ್ಕು ದಿನ, ಅದೂ ಫ್ರಿಜ್ಜಿನಲ್ಲಿ. ಬೀರು ತೆರೆದರೆ ಅಂದೇ. ನಲವತ್ತು ಡಿಗ್ರಿ ದಾಟುವ ಇಲ್ಲಿನ ಬೇಸಿಗೆಯಲ್ಲಿ ಪತ್ರಾಸಿನ ಕೆಳಗಿನ ಅಟ್ಟ ಸರಿಯಾದ ಜಾಗವಲ್ಲ.

ಬೀಗವೂ ಬೇಕು. ಮಕ್ಕಳಿರುವ ಮನೆಯಲ್ಲಿ ತಂಪುಪಾನೀಯದ ಬಾಟಲಿಗೆ ಮದ್ಯ ಸುರಿದು ಬಚ್ಚಿಡುವವರಿದ್ದಾರೆ. ಅದರಂಥ ಅವಿವೇಕ ಇನ್ನೊಂದಿಲ್ಲ. ಸಣ್ಣ ಮಗುವಿಗೆ ನಾಲ್ಕು ಗುಟುಕೂ ಅಪಾಯ. ತಂದೆ-ತಾಯಿಯೊಡನೆ ಇರುವವನು ಅವರಿಗೆ ಹೇಳದೆ ಬಚ್ಚಿಡುವುದು ಸರಿಯೇ ಎಂಬ ಪ್ರಶ್ನೆಗೆ ಕಾಯಿದೆಯಲ್ಲಿ ಉತ್ತರವಿಲ್ಲ. ಆದರೆ ಬಚ್ಚಿಟ್ಟದ್ದನ್ನು ಅವಸರದಲ್ಲಿ ಕುಡಿಯಬೇಕಾಗುತ್ತದೆ. ಮನೆಯವರಿಗೆ ಒಪ್ಪಿಗೆಯಿಲ್ಲದಿದ್ದರೆ ಮನೆಯಲ್ಲಿ ಇಡದಿರುವುದೇ ಮೇಲು.

ಕುಡಿಯದೆ ಇರುವವರ ಪಂಗಡ ಈ ತಾಲ್ಲೂಕುಗಳಲ್ಲಿ ಸಣ್ಣದಲ್ಲ. ಪಂಢರಪುರದ ವಾರಿಗೆ ನಡೆದು ಕೊರಳಿಗೆ ತುಳಸಿಮಾಲೆ ಹಾಕಿಕೊಂಡ ವಾರಕರಿಗಳು ಮದ್ಯ, ಮಾಂಸ ಎರಡನ್ನೂ ಬಿಡುತ್ತಾರೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಡಾ. ಅಂಬೇಡ್ಕರ್ ತಮ್ಮ ಅನುಯಾಯಿಗಳಿಗೆ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಮದ್ಯ ಕುಡಿಯುವುದಿಲ್ಲ ಎಂಬುದೂ ಒಂದು. ಮುಸಲ್ಮಾನರಿಗೆ ಅದು ಹರಾಮ್. ಲಿಂಗಾಯತ ಮಠಗಳೂ ದುಶ್ಚಟ ಬಿಡಿಸಲು ಜೋಳಿಗೆ ಹಿಡಿದದ್ದುಂಟು. ಆದರೂ ಗೆಳೆಯರ ಗುಂಪಿನಲ್ಲಿ ‘ನನಗೆ ಬೇಡ’ ಎಂದವನೇ ನಗೆಪಾಟಲಿಗೆ ಈಡಾಗುವುದು ವಿಪರ್ಯಾಸ. ಮಾಲೆ ತೋರಿಸಲು ಮಾಲೆ ಇಲ್ಲದವನಿಗೂ ಬೇಡ ಎನ್ನುವ ಹಕ್ಕಿದೆ. ಒತ್ತಾಯ ಮಾಡಿ ಕುಡಿಸುವುದು ಆತಿಥ್ಯವಲ್ಲ. ಮುದ್ರೆ ಕಾಯುವವನಿಗೆ ಕುಡಿಸಿದವರೂ ನಗುತ್ತಲೇ ಲೋಟ ನೀಡಿರಬೇಕು.

ವೈದ್ಯಲೋಕದ ಮಾತು ಈಗ ಇನ್ನಷ್ಟು ಬಿಗಿಯಾಗಿದೆ. ಮದ್ಯ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 1988ರಲ್ಲೇ ಮೊದಲ ವರ್ಗಕ್ಕೆ ಸೇರಿಸಿತು. ಆರೋಗ್ಯಕ್ಕೆ ಅಪಾಯವೇ ಇಲ್ಲದ ಮದ್ಯದ ಪ್ರಮಾಣ ಎಂಬುದು ಇಲ್ಲ ಎಂದು 2023ರ ಜನವರಿಯಲ್ಲಿ ಆ ಸಂಸ್ಥೆಯೇ ಹೇಳಿತು. ಹಾಗಾಗಿ ಅಳತೆ ಎಂದರೆ ಅಪಾಯ ತಪ್ಪಿಸುವ ಮಂತ್ರವಲ್ಲ, ಅದನ್ನು ಕಡಿಮೆ ಮಾಡುವ ಉಪಾಯ. ತಂದೆಯೋ ಅಜ್ಜನೋ ಕುಡಿತಕ್ಕೆ ಸಿಕ್ಕು ಹೊಲ-ಮನೆ ಕಳೆದ ವಂಶದಲ್ಲಿ ಹುಟ್ಟಿದವನಿಗೆ ಆ ಗಾಳ ಸುಲಭವಾಗಿ ಸಿಕ್ಕಿಕೊಳ್ಳುತ್ತದೆ; ಅವನು ಆರಂಭಿಸದಿರುವುದೇ ಜಾಣತನ. ಒಬ್ಬನೇ ಕುಡಿಯತೊಡಗಿದರೆ, ಬೆಳಿಗ್ಗೆ ಕೈ ನಡುಗಿದರೆ, ನಿನ್ನೆ ರಾತ್ರಿ ಆಡಿದ ಮಾತು ನೆನಪಾಗದಿದ್ದರೆ, ಎಷ್ಟು ಕುಡಿದೆ ಎಂಬುದಕ್ಕೆ ಸುಳ್ಳು ಹೇಳಬೇಕೆನಿಸಿದರೆ ಅದು ಕಾಯಿಲೆಯ ಬಾಗಿಲು. ದಿನವೂ ಕುಡಿಯುತ್ತಿದ್ದವನು ಒಮ್ಮೆಲೇ ಬಿಡುವುದೂ ಅಪಾಯ, ಫಿಟ್ಸ್ ಬರಬಹುದು; ವೈದ್ಯರ ಕೈಯಲ್ಲೇ ಬಿಡಬೇಕು. ಬೀದರಿನ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಹೊರಗೆ ಹೋಗಲು ಸಂಕೋಚವಾದರೆ ಸರ್ಕಾರದ ಟೆಲಿ-ಮಾನಸ್ ದೂರವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ ಒಂದು ಸಂಗತಿ, ಕುಡಿಯದವರಿಗೂ ತಿಳಿದಿರಬೇಕಾದದ್ದು. ಮದುವೆಮನೆಯಲ್ಲೋ ಜಾತ್ರೆಯಲ್ಲೋ ಯಾರಾದರೂ ಮಿತಿಮೀರಿ ಕುಡಿದು ಬಿದ್ದರೆ ‘ಮಲಗಲಿ ಬಿಡು, ಇಳಿಯುತ್ತೆ’ ಎಂದು ಮೂಲೆಗೆ ಸರಿಸಿ ಹೋಗುವುದು ವಾಡಿಕೆ. ಅಂಗಾತ ಮಲಗಿದವನು ವಾಂತಿ ಮಾಡಿದರೆ ಅದು ಶ್ವಾಸನಾಳಕ್ಕೆ ಹೋಗಿ ಉಸಿರು ಕಟ್ಟುತ್ತದೆ. ಅವನನ್ನು ಮಗ್ಗುಲಾಗಿ ಮಲಗಿಸಿ, ಮೇಲಿನ ಮೊಣಕಾಲು ಮಡಚಿ, ತಲೆಯನ್ನು ತುಸು ಹಿಂದಕ್ಕೆ ಬಾಗಿಸಿ ಬಾಯಿ ನೆಲದ ಕಡೆ ಇರುವಂತೆ ನೋಡಿಕೊಳ್ಳಬೇಕು. ವಾಂತಿ ಮಾಡಿಸಲು ಬಾಯಿಗೆ ಬೆರಳು ಹಾಕುವುದು, ಉಪ್ಪುನೀರು ಕುಡಿಸುವುದು ಕೂಡದು. ಕರೆದರೆ ಏಳದಿದ್ದರೆ, ಮೈ ತಣ್ಣಗಾಗಿ ತುಟಿ ನೀಲಿಗಟ್ಟಿದರೆ, ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಾದರೆ 108ಕ್ಕೆ ಕರೆ ಮಾಡಬೇಕು. ಆಂಬುಲೆನ್ಸ್ ಬರುವವರೆಗೆ ಒಬ್ಬರು ಅವನ ಪಕ್ಕದಲ್ಲೇ ಕುಳಿತಿರಬೇಕು.